ನಂಗಲಿ ಬಸ್ಸಿನ ಟೈರುಗಳಿಗೆ ನೆರಳು

ಓಡುವ ಬಸ್ಸನ್ನು ಕಾಪಾಡುವುದು ಸುಲಭ. ನಿಂತ ಬಸ್ಸನ್ನು ಕಾಪಾಡುವುದು ಕಷ್ಟ. ಮುಳಬಾಗಿಲಿನ ಒಂದು ಖಾಸಗಿ ಶಾಲೆಯ ವಾಹನಗಳ ಮೇಲ್ವಿಚಾರಣೆ ನನ್ನದು. ಪ್ರತಿ ಬೇಸಿಗೆ ರಜೆಯಲ್ಲಿ ಬಸ್ಸುಗಳು ಬಿಸಿಲಿಗೆ ನಿಲ್ಲುತ್ತವೆ, ಟೈರುಗಳು ಬಿರುಕು ಬಿಡುತ್ತವೆ, ನಾನು ಆದೇಶ ಕೊಡುತ್ತೇನೆ. ಆ ಆದೇಶ ನಾನು ಹೇಳಿದ ರೀತಿಯಲ್ಲಿ ಎಂದೂ ನೆರವೇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ವಿಷಯ ಗಂಭೀರವಾಗಿತ್ತು. ಅದರ ಹಿಂದಿನ ವರ್ಷ ನಂಗಲಿ ಮಾರ್ಗದ ಬಸ್ಸಿನ ಟೈರುಗಳಲ್ಲಿ ಉಗುರು ತೂರುವಷ್ಟು ಬಿರುಕು ಬಿದ್ದಿತ್ತು. ಶಾಲೆಯ ಕಾರ್ಯದರ್ಶಿಗಳು ಚಾಲಕನನ್ನು ಕರೆಸಿ ನನ್ನೆದುರಿಗೇ ಹೇಳಿದರು: "ಈ ಸಲವೂ ಹೀಗಾದರೆ ನಂಗಲಿ ಮಾರ್ಗ ಗುತ್ತಿಗೆಗೆ ಹೋಗುತ್ತದೆ. ನೀನು ಮನೆಗೆ ಹೋಗುತ್ತೀಯ."

ಚಾಲಕ ನಂಗಲಿ ಕಡೆಯವನು. ಒಳ್ಳೆಯವನು. ಹೇಳಿದ್ದನ್ನು ಮಾಡುತ್ತಾನೆ. ಹೇಳದಿದ್ದುದನ್ನೂ ಮಾಡುತ್ತಾನೆ.

ಎಣ್ಣೆ ಸ್ನಾನ

ಯುಗಾದಿಯ ದಿನ ಶಾಲೆಯ ಆವರಣಕ್ಕೆ ಹೋದೆ. ನಂಗಲಿ ಬಸ್ಸಿನ ಟೈರುಗಳು ಮಿರಮಿರ ಮಿಂಚುತ್ತಿದ್ದವು. ಮುಟ್ಟಿದೆ. ಹರಳೆಣ್ಣೆ.

"ಇದೇನಿದು?"

"ಹಿಮ್ಮಡಿ ಒಡೆದ್ರೆ ಎಣ್ಣೆ ಹಚ್ಚಲ್ವಾ ಸಾರ್? ಬೆಳಗ್ಗೆ ಮನೆ ಮಂದಿಗೆಲ್ಲ ಹಚ್ಚಿದ್ದು. ಇನ್ನೂ ಮಿಕ್ಕಿತ್ತು."

ಎಣ್ಣೆ ರಬ್ಬರಿಗೆ ಒಳ್ಳೆಯದಲ್ಲ, ಧೂಳನ್ನೂ ಹಿಡಿಯುತ್ತದೆ ಎಂದು ವಿವರಿಸಿ, ಕೂಡಲೇ ತೊಳೆಯಲು ಆದೇಶಿಸಿದೆ. ಸಂಜೆ ಪರಿಶೀಲಿಸಿದಾಗ ಟೈರುಗಳಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು.

"ಸೋಪು ಏಕೆ ಹಾಕಲಿಲ್ಲ?"

"ಹರಳೆಣ್ಣೆಗೆ ಸೋಪು ಎಲ್ಲಿ ಸಾಕಾಗ್ತದೆ ಸಾರ್?"

ಮಾತು ಸತ್ಯವಾಗಿತ್ತು. ಇನ್ನು ಆರತಿ ಎತ್ತುವುದೊಂದು ಬಾಕಿ ಎಂದೆ. ಆತ ಗಾಬರಿಯಿಂದ, "ಅದನ್ನ ಬೆಳಗ್ಗೇನೇ ಎತ್ತಿಬಿಟ್ಟೆ ಸಾರ್," ಎಂದ.

ಚಪ್ಪರ

ಟೈರಿಗೆ ಬೇಕಾದದ್ದು ಎಣ್ಣೆಯಲ್ಲ, ನೆರಳು. ಶಾಲೆಯ ಆವರಣದಲ್ಲಿ ಮರವಿಲ್ಲ. ಆದ್ದರಿಂದ ಬಸ್ಸನ್ನು ತನ್ನ ಮನೆಯ ಮುಂದೆ ನಿಲ್ಲಿಸಿಕೊಂಡು, ಅದರ ಮೇಲೆ ನೆರಳು ಮಾಡುವಂತೆ ಚಾಲಕನಿಗೆ ಹೇಳಿದೆ. ಕಾರ್ಯದರ್ಶಿಗಳೂ ಒಪ್ಪಿದರು.

ಆತ ಅಚ್ಚುಕಟ್ಟಾಗಿ ಕಂಬ ನೆಟ್ಟು, ತೆಂಗಿನ ಗರಿ ಹೊದಿಸಿ ಚಪ್ಪರ ಹಾಕಿದ. ಗರಿ ಸಾಲದ ಕಡೆ ಮಾವಿನ ಸೊಪ್ಪು ಕಟ್ಟಿದ. ಮನೆಯಲ್ಲಿ ಮದುವೆಯ ವಯಸ್ಸಿನ ಮಗಳಿದ್ದಾಳೆ ಎಂಬುದು ಅವನ ನೆನಪಿಗೆ ಬರಲಿಲ್ಲ. ಊರಿನವರ ನೆನಪಿಗೆ ಬಂತು.

ಸುದ್ದಿ ಶ್ರೀನಿವಾಸಪುರ ದಾಟಿ ಗೌನಿಪಲ್ಲಿಗೆ ಹೋಯಿತು. ಅಲ್ಲಿಂದ ಅವನ ಸೋದರತ್ತೆ ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಬಂದಿಳಿದರು.

"ಏಮಿರಾ, ಚಪ್ಪರ ಹಾಕೋವರ್ಗೂ ಬಂದದೆ, ನಮ್ಗೊಂದು ಮಾತು ಹೇಳ್ಬಾರ್ದಾ?"

"ಅಯ್ಯೋ ಅತ್ತೆ, ಇದು ಬಸ್ಸಿಗೆ ಹಾಕಿದ್ದು."

ಆ ಹೆಂಗಸು ಚಪ್ಪರದ ಕೆಳಗೆ ಬಗ್ಗಿ ನೋಡಿದರು. ಬಸ್ಸೇ ಇತ್ತು.

"ಬಸ್ಸಿಗೆ ಚಪ್ಪರ ಹಾಕೋಕೆ ಪುರಸೊತ್ತದೆ, ಮಗಳಿಗೆ ಗಂಡು ನೋಡೋಕಿಲ್ವಾ?"

ಊಟ ಮುಗಿಯುವುದರೊಳಗೆ ಅವರು ಮಾಲೂರಿನಲ್ಲೊಂದು ಗಂಡನ್ನು ಸೂಚಿಸಿದ್ದರು. ಮರುದಿನ ಮತ್ತಿಬ್ಬರು ನೆಂಟರು ಬಂದರು. ಚಾಲಕ ನನಗೆ ಫೋನು ಮಾಡಿದ: "ಚಪ್ಪರ ಕೀಳ್ತಾ ಇದ್ದೀನಿ ಸಾರ್. ಟೈರಿಗೆ ಬಿಸಿಲು ತಪ್ತು, ನಂಗೆ ಹತ್ಕೊಂತು."

ಪ್ರವೇಶ ನಿಷೇಧ

ಚಪ್ಪರ ಕಿತ್ತ ಮೇಲೆ ಬಸ್ಸನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಚಕ್ರಗಳನ್ನು ಬಿಚ್ಚಿ ತಂಪಾದ ಕತ್ತಲೆ ಜಾಗದಲ್ಲಿಡಲು ಹೇಳಿದೆ.

ಮೇ ತಿಂಗಳ ಕೊನೆಯಲ್ಲಿ ಕಾರ್ಯದರ್ಶಿಗಳು ಟೈರು ನೋಡಲು ಮುನ್ಸೂಚನೆಯಿಲ್ಲದೆ ಚಾಲಕನ ಮನೆಗೆ ಹೊರಟರು. ನಾನೂ ಜೊತೆಗಿದ್ದೆ. ಬಸ್ಸು ಕಲ್ಲುಗಳ ಮೇಲಿತ್ತು. ಚಕ್ರ ಒಂದೂ ಇರಲಿಲ್ಲ. ಚಾಲಕ ಹಿಪ್ಪುನೇರಳೆ ಸೊಪ್ಪು ತರಲು ತೋಟಕ್ಕೆ ಹೋಗಿದ್ದ.

"ಚಕ್ರಗಳೆಲ್ಲಿ?" ಎಂದು ಕಾರ್ಯದರ್ಶಿಗಳು ಗುಡುಗಿದರು.

"ಹುಳದ ಮನೇಲವೆ," ಎಂದರು ಚಾಲಕನ ತಾಯಿ. ಅವರು ರೇಷ್ಮೆ ಹುಳು ಸಾಕುವವರು. ಆ ಮನೆಯಷ್ಟು ತಂಪಾದ ಜಾಗ ಊರಿನಲ್ಲಿ ಮತ್ತೊಂದಿಲ್ಲ. ಕಾರ್ಯದರ್ಶಿಗಳು ಬಾಗಿಲ ಕಡೆ ನಡೆದರು. ಮುದುಕಿ ಅಡ್ಡ ನಿಂತರು.

"ಸೆಂಟು ಹಾಕ್ಕೊಂಡವ್ರನ್ನ ಒಳಗೆ ಬಿಡಲ್ಲ. ಹುಳ ಮೇವು ಬಿಟ್ಬಿಡ್ತವೆ."

"ಅಮ್ಮಾ, ನಾನು ಶಾಲೆಯ ಕಾರ್ಯದರ್ಶಿ. ಟೈರು ನಮ್ಮವು."

"ಟೈರು ನಿಮ್ದು. ಹುಳ ನಮ್ದು."

ನಿಯಮ ನಿಯಮವೇ, ನಾನು ಮಧ್ಯೆ ಬಾಯಿ ಹಾಕಲಿಲ್ಲ. ಕಾರ್ಯದರ್ಶಿಗಳು ತೊಟ್ಟಿಯ ನೀರಿನಲ್ಲಿ ಸ್ನಾನ ಮಾಡಿದರು, ಚಾಲಕನ ಚೌಕಳಿ ಲುಂಗಿ ಉಟ್ಟರು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ ಒಳಗೆ ಹೋದರು. ಆರೂ ಚಕ್ರಗಳು ಒಣ ಗೋಣಿತಾಟು ಹೊದ್ದು ಹಲಗೆಯ ಮೇಲೆ ಸಾಲಾಗಿದ್ದವು. ಅವರು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದರು. ಎಲ್ಲಿಯೂ ಬಿರುಕಿರಲಿಲ್ಲ.

ಹೊರಗೆ ಬಂದು ಬಟ್ಟೆ ಕೇಳಿದರು. "ನೆನೆ ಹಾಕಿವ್ನಿ, ಎಷ್ಟು ಸೆಂಟು ಸ್ವಾಮಿ!" ಎಂದರು ಮುದುಕಿ.

ಆ ವೇಳೆಗೆ ಚಾಲಕ ಸೊಪ್ಪಿನ ಹೊರೆಯೊಂದಿಗೆ ಬಂದ. ಹುಳದ ಮನೆಯ ಬಾಗಿಲಲ್ಲಿ ತನ್ನ ಲುಂಗಿ ಉಟ್ಟ ಬೆನ್ನೊಂದು ಕಾಣಿಸಿತು. ಹೊರೆ ಇಳಿಸಿ, ಆ ಬೆನ್ನಿಗೊಂದು ಏಟು ಬಿಟ್ಟ.

"ಏನ್ಲಾ! ಯಾರನ್ನ ಕೇಳಿ ಒಳಗೆ ಹೋದೆ?"

ಕಾರ್ಯದರ್ಶಿಗಳು ನಿಧಾನವಾಗಿ ತಿರುಗಿದರು.

"ನಿಮ್ಮ ತಾಯಿಯನ್ನು ಕೇಳಿಯೇ ಹೋದೆ ಕಣಯ್ಯಾ. ಶಾಲೆ ತೆರೆದ ದಿನ ಬಸ್ಸು ನೀನೇ ತಗೊಂಡು ಬಾ. ಬರುವಾಗ ನನ್ನ ಪ್ಯಾಂಟು ತಾ."