ಪತ್ರಾಸಿನ ನೀರು ಯಾರ ಕಡೆ?

ಎಲ್ಲ ಸುರುವಾದದ್ದು ಒಂದು ಹನಿಯಿಂದ. ಸೋರುವ ಮಾಳಿಗೆಯ ಮಣ್ಣು ಕಲಸಿಕೊಂಡು ಚಹಾದ ಬಣ್ಣಕ್ಕೆ ತಿರುಗಿದ್ದ ಆ ಹನಿ, ತಾಂಬಾದ ಟೇಲರ್ ಕಲ್ಮೇಶನ ಮನೆಯಲ್ಲಿ ಬೇರೆಲ್ಲ ಜಾಗ ಬಿಟ್ಟು, ಉಣ್ಣಲು ಕೂತಿದ್ದ ಅವನ ಮಾವನ ಬೋಳು ತಲೆಯ ಮೇಲೆ ಬಿತ್ತು. ಅಲ್ಲಿಂದ ಹಣೆ ದಾಟಿ, ಮೂಗಿನ ಗುಂಟ ಇಳಿದು, ಗೋಧಿ ಹುಗ್ಗಿಯ ನಟ್ಟನಡುವೆ ಹೋಗಿ ಕೂತಿತು.

ಮಾವ ಕೈ ತೊಳೆದು ಎದ್ದರು. ಮಗಳು ಜಯಮಾಲಾ ಬ್ಯಾಗು ತುಂಬಿದಳು.

"ರೀ, ನಾ ಅಪ್ಪನ ಕೂಡ ಸಿಂದಗಿಗೆ ಹೊಂಟೀನಿ. ಮನಿ ಸೋರೂದು ನಿಂತ ಮ್ಯಾಲ ಫೋನ್ ಮಾಡ್ರಿ."

ಬೇಸಿಗೆಯ ಅಡ್ಡಮಳೆ ಮುಗಿದು ಜೂನಿನ ಮಿರಗದ ಮಳೆ ಕೂಡುವವರೆಗೂ ಕಲ್ಮೇಶ ತಾನೇ ರೊಟ್ಟಿ ಬಡಿದುಕೊಂಡ. ಒಂದೊಂದು ರೊಟ್ಟಿಯೂ ಒಂದೊಂದು ತಾಲೂಕಿನ ನಕಾಶೆ. ನಿನ್ನೆ ರಾತ್ರಿ ಇಂಡಿ ತಾಲೂಕು ತಿಂದು ಹೊಟ್ಟೆ ನೊಂದಾಗ, ತಡೆಯಲಾರದೆ ಫೋನ್ ಮಾಡಿಬಿಟ್ಟ.

"ಜಯಾ, ನಾಳೆ ಸಂಜಿ ಬಸ್ಸಿಗೆ ಬಂದ್ಬಿಡು. ಮಾಳಿಗಿ ಮ್ಯಾಲ ಪತ್ರಾಸ ಹಾಕಸಾಕತ್ತೇನಿ."

ಹೇಳುವಾಗ ಏನೋ ಧೈರ್ಯವಿತ್ತು. ಬೆಳಗಾಗುವ ಹೊತ್ತಿಗೆ ಅದು ಇಳಿದಿತ್ತು. ಪತ್ರಾಸಿನ ತಗಡು ಹಾಕಿಸಬೇಕೋ ಬೇಡವೋ ಎಂದು ಅವನಿನ್ನೂ ವಿಚಾರವೇ ಮಾಡಿರಲಿಲ್ಲ! ಬೇಸಿಗೆಗೆ ಸುಟ್ಟರೆ? ಗಾಳಿಗೆ ಹಾರಿದರೆ? ಮಂದಿ ಕೊಟ್ಟ ಅಳತೆಗೆ ಬಟ್ಟೆ ಕತ್ತರಿಸಿ ಕತ್ತರಿಸಿ ಅವನಿಗೆ ತನ್ನದೊಂದು ಅಳತೆ ಅನ್ನುವುದೇ ಇರಲಿಲ್ಲ. ಯಾರು ಏನು ಹೇಳಿದರೂ "ಹೌದ್ರಿ" ಅನ್ನುವ ಮನುಷ್ಯ.

ಅಷ್ಟರಲ್ಲಿ, ರಾತ್ರಿ ಅದೇ ಧೈರ್ಯದಲ್ಲಿ ಫೋನ್ ಮಾಡಿ ಕರೆದಿದ್ದ ವೆಲ್ಡಿಂಗ್ ಯಾಸೀನನ ಎಂಟ್ರಿ ಆಯಿತು. ಟೆಂಪೊದ ಹಿಂದೆ ನೀಲಿ ಪತ್ರಾಸಿನ ಮೇಲೆ ಕಾಲಿಟ್ಟು, ಕಪ್ಪು ಕನ್ನಡಕ ಹಾಕಿ, ಕೂದಲು ಹಾರಿಸುತ್ತ ನಿಂತಿದ್ದ. ಹಿಂದೆ ಮ್ಯೂಜಿಕ್ ಒಂದೇ ಬಾಕಿ.

"ಕಲ್ಮೇಶಣ್ಣಾ! ಈ ಯಾಸೀನ ಒಮ್ಮೆ ಮಷೀನ್ ಚಾಲೂ ಮಾಡಿದ ಅಂದ್ರ ಯಮ ಬಂದ್ರೂ ಪಾಳೇಕ ನಿಂದ್ರಬೇಕು! ಸಂಜೀತನಕ ಮನಿ ಫಳಫಳ!"

ಟೆಂಪೊದ ಸಪ್ಪಳಕ್ಕೆ ಓಣಿ ಎದ್ದಿತು. ಎಡಗಡೆ ಮನೆಯಿಂದ ಲಿಂಬೆ ತೋಟದ ರಾಚಪ್ಪ, ಬಲಗಡೆಯಿಂದ ಕೋಳಿ ಸಾಕುವ ಮುದುಕಿ ಶೆಟ್ಟೆವ್ವ, ಹಿಂದಿನ ಮನೆಯಿಂದ ಊರ ಜಮೀನಿನ ಲೆಕ್ಕ ಬರೆದು ರಿಟೈರಾದ ತಲಾಠಿ ಸಿದ್ದರಾಯ ಬಂದು ಸೇರಿದರು.

"ಏ ಹುಚ್ಚಪ್ಪಾ, ಪತ್ರಾಸೇನು?" ರಾಚಪ್ಪ ತಗಡು ತಟ್ಟಿ ನೋಡಿದ. "ಒಂದ್ ಜೋರ್ ಗಾಳಿ ಬೀಸ್ತಂದ್ರ ನಿನ್ನ ಮನಿ ಮ್ಯಾಲಿಂದು ಹೋಗಿ ಮುದ್ದೇಬಿಹಾಳದಾಗ ಬೀಳ್ತದ. ತರಾಕ ನಾ ಬರಂಗಿಲ್ಲ ನೋಡು."

"ಹೌದ್ರಿ ಕಾಕಾ," ಅಂದ ಕಲ್ಮೇಶ.

"ಬ್ಯಾಸಗಿ ಒಳಗ ಒಲಿ ಹೂಡೂದs ಬ್ಯಾಡ ತಮ್ಮಾ," ಶೆಟ್ಟೆವ್ವ ಗಲ್ಲಕ್ಕೆ ಕೈ ಹಚ್ಚಿದಳು. "ರೊಟ್ಟಿ ಬಡದು ತಗಡಿಗೆ ಅಂಟ್ಸಿದ್ರ ಅಲ್ಲೇ ಬೇಯ್ತದ."

"ಹೌದಬೇ ಆಯಿ."

"ಮಳಿ ಸಪ್ಪಳಕ್ಕ ಕಿವಿ ಹೋಗ್ತಾವು," ಸಿದ್ದರಾಯ ಕನ್ನಡಕ ಒರೆಸುತ್ತ ಅಂದರು. "ಆಮ್ಯಾಲ ಗಿರಾಕಿ ಮೂವತ್ತಾರು ಅಂದ್ರ ನೀ ಐವತ್ತಾರು ಹೊಲಿತಿ."

"ಹೌದ್ರಿ ಸಾಹೇಬ್ರ."

ಯಾಸೀನನಿಗೆ ತಡೆಯಲಾಗಲಿಲ್ಲ. "ಅಣ್ಣಾ, ನೀವು ಟೇಲರು. ಗಿರಾಕಿಗೆ ಟ್ರಯಲ್ ಕೊಡೂದಿಲ್ಲೇನು? ಹಂಗs ಪತ್ರಾಸಿಂದೂ ಟ್ರಯಲ್ ನೋಡ್ರಿ!"

ಈ ಮಾತು ಎಲ್ಲರಿಗೂ ಹಿಡಿಸಿತು. ಬಿಸಿಲಿನಲ್ಲಿ ಎರಡು ಕುರ್ಚಿ ಇಟ್ಟು, ಮೇಲೊಂದು ಪತ್ರಾಸು ಅಡ್ಡ ಹಾಕಿ, ಕೆಳಗೆ ಚಾಪೆ ಹಾಸಿ ಕಲ್ಮೇಶನನ್ನು ಮಲಗಿಸಿದರು. ನೋಡಿದವರಿಗೆ ಯಾರೋ ಹೋಗಿಬಿಟ್ಟಿದ್ದಾರೆ ಅನ್ನಿಸಬೇಕು. ಸ್ವಲ್ಪ ಹೊತ್ತಿಗೆ ಕಲ್ಮೇಶ ಒಲೆಯ ಮೇಲಿನ ಬದನೆಕಾಯಿಯ ಹಾಗೆ ಬಾಡತೊಡಗಿದ.

"ಬಿಸಿ ಗೊತ್ತಾತು. ಮಳಿ ಸಪ್ಪಳ ಗೊತ್ತಾಗೂದು ಬ್ಯಾಡೇನು?" ಅಂದ ರಾಚಪ್ಪ, ಶೆಟ್ಟೆವ್ವ ಕೋಳಿಗೆಂದು ತಂದಿದ್ದ ಮೊರದಿಂದ ಬೊಗಸೆ ತುಂಬ ಜೋಳ ತೆಗೆದು ತಗಡಿನ ಮೇಲೆ ತೂರಿದ.

ಜೋಳ ಬಿದ್ದದ್ದು ಸಣ್ಣ ಮಳೆಯ ಹಾಗೇ ಇತ್ತು. ಆದರೆ ಅದನ್ನು ಶೆಟ್ಟೆವ್ವನ ಕೋಳಿಗಳೂ ನೋಡಿದವು. ಇಡೀ ಹಿಂಡು ಕೊಕ್ಕೊಕ್ಕೋ ಎಂದು ಪತ್ರಾಸಿನ ಮೇಲೆ ಹಾರಿ ಕುಟುಕಲು ಹತ್ತಿತು. ಕೆಳಗಿದ್ದ ಕಲ್ಮೇಶನಿಗೆ ಕ್ಲೈಮ್ಯಾಕ್ಸ್ ಫೈಟಿನಲ್ಲಿ ಸಾವಿರ ಕುದುರೆ ತಲೆಯ ಮೇಲೆ ಓಡಿದಂತಾಯಿತು.

"ಆಲಿಕಲ್ಲು ಬಿದ್ವೇನ್ರೋ!" ಎಂದು ಚೀರಿ ಎದ್ದ. ತಲೆ ತಗಡಿಗೆ ಹೊಡೆದು ಢಣ್ ಎಂದಿತು. ಪತ್ರಾಸು ಒಂದು ಕಡೆ, ಕೋಳಿಗಳು ಒಂದು ಕಡೆ, ಕುರ್ಚಿ ಇನ್ನೊಂದು ಕಡೆ ಹಾರಿದವು.

"ಟ್ರಯಲ್ ಫೇಲ್," ಎಂದರು ಸಿದ್ದರಾಯ.

ಕಲ್ಮೇಶ ಬುರುಡೆ ತಿಕ್ಕುತ್ತ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದ. ಸುಡುತ್ತದೆ, ಖರೆ. ಸಪ್ಪಳ ಮಾಡುತ್ತದೆ, ಅದೂ ಖರೆ. ಆದರೆ ಬಿಸಿಲು ನಾಕು ತಿಂಗಳು, ಜಯಮಾಲಾ ಹನ್ನೆರಡೂ ತಿಂಗಳು. ಸಂಜೆ ಬಸ್ಸಿನಿಂದ ಇಳಿದವಳಿಗೆ ಹೊಸ ಪತ್ರಾಸು ಕಾಣದಿದ್ದರೆ ಮತ್ತೆ ತಾಲೂಕು ತಾಲೂಕು ತಿನ್ನಬೇಕು.

"ಯಾಸೀನ ಭಾಯ್, ಹಾಕ್ಬಿಡು."

ಯಾಸೀನ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ನಿಂತು, ನಾಲ್ಕೂ ದಿಕ್ಕು ನೋಡಿ ಕೇಳಿದ, "ಅಣ್ಣಾ, ಇಳಿಜಾರು ಯಾ ಕಡೆ ಕೊಡ್ಲಿ? ಮಳಿ ನೀರು ಒಂದ್ ಕಡೆ ಇಳೀಬೇಕಲ್ಲ?"

ಕೆಳಗಿದ್ದ ಮೂವರೂ ಒಮ್ಮೆಲೇ ತಲೆ ಎತ್ತಿದರು. ಅಷ್ಟೇ, ಮರುಕ್ಷಣ ಸ್ಫೋಟ.

"ನನ್ನ ಕಡೆ ಹನಿ ಬಿತ್ತಂದ್ರ ನೋಡು! ಗ್ವಾಡಿ ನೆಂದು ಕುಂಡ್ರತದ!" ರಾಚಪ್ಪ ತೋಳೇರಿಸಿದ.

"ನನ್ನ ಕೋಳಿಗೂಡು ತೇಲಿ ಹೋಗ್ತದೋ ಯಪ್ಪಾ!" ಶೆಟ್ಟೆವ್ವ ಸೆರಗು ಸಿಕ್ಕಿಸಿದಳು.

"ಒಬ್ಬರ ಮನಿ ನೀರು ಇನ್ನೊಬ್ಬರ ಹಿತ್ತಲಕ ಬಿಡೂದು ಕಾಯ್ದೆ ಪ್ರಕಾರ ಅಪರಾಧ," ಅಂದರು ಸಿದ್ದರಾಯ.

"ಹಂಗಾರ ಬಾಗಲ ಮುಂದ ಬಿಡು ಭಾಯ್," ಅಂದ ಕಲ್ಮೇಶ, ಬೆವರು ಒರೆಸುತ್ತ.

"ಬಾಗಲ ಮುಂದ ಕರೆಂಟಿನ ಕಂಬ ಐತಣ್ಣಾ. ಮಳಿ ಬಂದಾಗೊಮ್ಮೆ ಹೊರಗ ಬಂದವ್ರು ಡಿಸ್ಕೋ ಹೊಡೀತಾರ." ಯಾಸೀನ ಮೇಲಿನಿಂದಲೇ ಹೊಟ್ಟೆ ಹಿಡಿದು ನಕ್ಕ. "ಎಂಥಾ ಮಂದಿ ಅದೀರಿ ನೀವು! ಪತ್ರಾಸಿನ ನೀರಂದ್ರ ಅಮೃತ! ನಿಮ್ಮ ಬೋರಿನ ಸವಳ ನೀರಿನ್ಯಾಗ ಬ್ಯಾಳಿ ಕುದಿಯಾಕ ಬೆಳಗಾತನಕ ಬೇಕು. ಪತ್ರಾಸಿನ ನೀರಿಗೆ ಕುಕ್ಕರಿನ ಒಂದ ಸೀಟಿ! ಇಂಡಿ ಒಳಗ ನಮ್ಮ ಅತ್ತಿ ಹಂಡೆ ಹಂಡೆ ಹಿಡದಿಡ್ತಾಳ."

ಮೂವರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿದರು. ಆಮೇಲೆ ಕಲ್ಮೇಶನ ಹತ್ತಿರ ಸರಿದರು.

"ಕಲ್ಮೇಶಾ," ರಾಚಪ್ಪ ಹೆಗಲ ಮೇಲೆ ಕೈ ಹಾಕಿದ, "ನೀ ಸಣ್ಣಾಂವ ಇದ್ದಾಗ ನಿನ್ನ ಎತ್ತಿ ಆಡ್ಸಿದಾಂವ ನಾ. ನೀರು ನನ್ನ ಕಡೆ ಬಿಡು. ಗ್ವಾಡಿ ನೆಂದ್ರ ನೆನೀಲಿ."

"ಏ, ನಿನ್ನ ಕಡೆ ಯಾಕ? ಕೋಳಿ ನಾ ಬ್ಯಾರೆ ಕಡೆ ಕಟ್ತೇನಿ. ತಮ್ಮಾ, ಹಲ್ಲಿಲ್ಲದ ಮುದುಕಿ, ಮೆತ್ತನ ಬ್ಯಾಳಿ ತಿಂದು ಸಾಯ್ತೇನೋ!"

"ಮಳಿ ನೀರು ಹಿತ್ತಲಕ ಬಿಡೂದು ಕಾಯ್ದೇಕ ಬರೋಬರಿ ಐತಿ," ಅಂದರು ಸಿದ್ದರಾಯ.

"ಈಗರೆ ಅಪರಾಧ ಅಂದ್ರಿ?" ಯಾಸೀನ ಮೇಲಿನಿಂದ ಕೇಳಿದ.

"ಅದು ಹಳೇ ಕಾಯ್ದೆ."

ಮಧ್ಯಾಹ್ನದ ತನಕ ಕಲ್ಮೇಶನನ್ನು ಮೂರು ದಿಕ್ಕಿಗೆ ಎಳೆದರು. ರಾಚಪ್ಪ ಲಿಂಬೆಹಣ್ಣು ತಂದು ಸುರಿದ. ಶೆಟ್ಟೆವ್ವ ತತ್ತಿ ತಂದಿಟ್ಟಳು. ಸಿದ್ದರಾಯ ಏನೂ ತರಲಿಲ್ಲ. ಕೋರ್ಟಿನ ಹೆಸರು ಮಾತ್ರ ಹೇಳಿದರು. ಯಾರ ಕಡೆ ಬಿಟ್ಟರೂ ಉಳಿದಿಬ್ಬರು ಜನ್ಮವಿಡೀ ಮಾತಾಡುವುದಿಲ್ಲ. ಮೂಡಣದಲ್ಲಿ ಕರಿ ಮೋಡ ಏಳುತ್ತಿತ್ತು. ಯಾಸೀನ ಮೇಲೆ ಕೂತು ಬೀಡಿ ಮೇಲೆ ಬೀಡಿ ಸೇದುತ್ತಿದ್ದ. ಬಸ್ಸಿನ ಹೊತ್ತು ಹತ್ತಿರ ಬರುತ್ತಿತ್ತು.

ಆಗ ಕಲ್ಮೇಶನೊಳಗೆ ಏನೋ ಪರ್ರನೆ ಹರಿಯಿತು. ಹುಟ್ಟಿದಾಗಿನಿಂದ "ಹೌದ್ರಿ" ಅಂದವನು ಕಟ್ಟೆಯ ಮೇಲೆ ಜಿಗಿದು ನಿಂತು, ಬೆರಳು ತೋರಿಸಿ ಗುಡುಗಿದ:

"ರಾಚಪ್ಪ ಕಾಕಾನ ಕಡೇನೂ ಬ್ಯಾಡ! ಆಯಿ ಕಡೇನೂ ಬ್ಯಾಡ! ಸಾಹೇಬ್ರ ಹಿತ್ತಲಕೂ ಬ್ಯಾಡ, ಬಾಗಲಕೂ ಬ್ಯಾಡ! ಯಾಸೀನಾ, ಒಂದ, ಒಂದ ಹನಿ ನೀರು ಈ ಮನಿ ಬಿಟ್ಟು ಹೊರಗ ಬೀಳಬಾರ್ದು! ತಿಳೀತೇನು?"

ಅದು ಅವನ ಜೀವನದ ಮೊದಲ ಡೈಲಾಗು. ಟೆಂಪೊ ಡ್ರೈವರು ಸೀಟಿ ಹೊಡೆದ. ಮೂವರೂ ಬಾಯಿ ತೆರೆದು ನಿಂತರು. ಯಾಸೀನ ಬೀಡಿ ಎಸೆದು, "ಆತಣ್ಣಾ, ಹೇಳಿದಂಗ ಮಾಡ್ತೇನಿ!" ಎಂದು ಮಷೀನು ಚಾಲೂ ಮಾಡಿದ. ಕಲ್ಮೇಶ ಛತ್ರಿ ಹಿಡಿದು, ಹಿಂದೆ ನೋಡದೆ, ಸ್ಲೋ ಮೋಷನ್ನಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಸಿಂದಗಿ ಬಸ್ಸು ತಡವಾಗಿ ಬಂತು. ಜಯಮಾಲಾ ಇಳಿಯುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಒಂದೇ ಛತ್ರಿಯೊಳಗೆ ಇಬ್ಬರೂ ನಡೆದರು. ಕಲ್ಮೇಶ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಕೋಳಿಗಳ ಸುದ್ದಿ ಮಾತ್ರ ಬಿಟ್ಟ.

"ಎಲ್ಲಾರ್ಗೂ ಇಲ್ಲ ಅಂದ್ರೇನ್ರಿ? ನೀವು?" ಜಯಮಾಲಾ ಅವನ ತೋಳು ಹಿಡಿದಳು. ಕಲ್ಮೇಶನ ಎದೆ ಎರಡು ಇಂಚು ಅಗಲವಾಯಿತು.

ಓಣಿ ತಿರುಗಿದರೆ ನೀಲಿ ಪತ್ರಾಸು ಕಂಡಿತು. ಅಂಥಾ ಮಳೆಯಲ್ಲೂ ಎಡಕ್ಕಿಲ್ಲ, ಬಲಕ್ಕಿಲ್ಲ, ಮುಂದೆ ಇಲ್ಲ. ಅಂಚಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.

"ನೋಡು ಜಯಾ! ಹೇಳಿದ್ನಿಲ್ಲೋ? ಒಂದ್ ಹನಿ ಹೊರಗಿಲ್ಲ!"

"ಹೌದ್ರಿ," ಅಂದಳು ಜಯಮಾಲಾ, ಮೇಲೆ ನೋಡುತ್ತ. "ಮತ್ತ ನೀರೆಲ್ಲಿ ಹೊಂಟೈತಿ?"

ಕಲ್ಮೇಶ ಅವಳನ್ನು ಕರೆದುಕೊಂಡು ಬಿರಬಿರನೆ ಮನೆಯೊಳಗೆ ಹೋದ. ಬಾಗಿಲು ತೆರೆದೇ ಇತ್ತು.

ಯಾಸೀನ ಹೇಳಿದ ಮಾತು ತಪ್ಪಿರಲಿಲ್ಲ. ಪತ್ರಾಸನ್ನು ನಾಲ್ಕೂ ಕಡೆಯಿಂದ ಒಳಕ್ಕೆ ಬಾಗಿಸಿ ದೊಡ್ಡ ಬೋಗುಣಿ ಮಾಡಿದ್ದ. ನೀರು ನಿಂತು ಭಾರವಾಗಬಾರದೆಂದು ನಡುವೆ ತೂತು ಬಿಟ್ಟಿದ್ದ. ಆ ತೂತಿನ ನೆಟ್ಟಗೆ ಕೆಳಗೆ ಹಳೆಯ ಮಾಳಿಗೆಯ ಬೆಳಕಿಂಡಿ. ಬೆಳಕಿಂಡಿಯ ಕೆಳಗೆ ಕಲ್ಮೇಶನ ಮಂಚ. ಊರ ಮೇಲಿನ ಮಳೆಯೆಲ್ಲ ಕಂಬದ ಹಾಗೆ ದಪ್ಪಗೆ ಹಾಸಿಗೆಯ ಮೇಲೆ ಸುರಿಯುತ್ತಿತ್ತು.

ಮಂಚದ ಮೇಲೆ ರಾಚಪ್ಪನ ಹಂಡೆ. ಅದರ ಹಿಂದೆ ಶೆಟ್ಟೆವ್ವ ಕೊಡ ಹಿಡಿದು ನಿಂತಿದ್ದಳು, ಅವಳ ಹಿಂದೆ ಸಿದ್ದರಾಯರು ಬಕೀಟು ಹಿಡಿದು. ಅವರ ಹಿಂದೆ ಸಾಲಾಗಿ ಪಾಳಿ ಹಚ್ಚಿದ ಅರ್ಧ ಓಣಿ, ಅಡುಗೆಮನೆಯ ತನಕ.

"ಅಣ್ಣಾ, ಹೆಂಗೈತಿ?" ಯಾಸೀನ ಹೆಬ್ಬೆರಳು ಎತ್ತಿದ. "ಒಂದ್ ಹನಿ ಹೊರಗ ಬಿಟ್ಟಿಲ್ಲ!"

"ಬಂಗಾರದಂಥಾ ನಿರ್ಣಯ ತಗೊಂಡಿ ನೋಡು," ರಾಚಪ್ಪ ಕಣ್ಣು ಒರೆಸಿಕೊಂಡ. "ಯಾರಿಗೂ ಮೋಸಿಲ್ಲ."

ಜಯಮಾಲಾ ಮಂಚ ನೋಡಿದಳು. ಮೇಲೆ ನೋಡಿದಳು. ಗಂಡನ ಕೈಯಿಂದ ಛತ್ರಿ ಕಸಿದುಕೊಂಡಳು. ಬ್ಯಾಗು ಹೆಗಲಿಗೇರಿಸಿ ಬಂದ ದಾರಿ ಹಿಡಿದಳು.

"ಜಯಾ! ಏ ಜಯಾ! ನಿಂದ್ರ!" ಕಲ್ಮೇಶ ಹಿಂದೆ ಓಡಲು ತಿರುಗಿದ. ಶೆಟ್ಟೆವ್ವ ಅವನ ಅಂಗಿ ಹಿಡಿದು ಜಗ್ಗಿದಳು.

"ಎಲ್ಲಿಗೆ ಓಡಾಕತ್ತಿ ತಮ್ಮಾ? ಹೋಗೂದಿದ್ರ ನಿನ್ನ ಕೊಡ ಪಾಳೇದಾಗ ಇಟ್ಟು ಹೋಗು. ಆಮ್ಯಾಲ ಬಂದು, ನಂದs ಮನಿ, ನಾ ಮೊದಲs ಹಿಡೀತೇನಿ ಅಂದ್ರ ನಡ್ಯಂಗಿಲ್ಲ!"