ಆನರ್ಸಿಗೆ ಕನ್ಯೆ ನೋಡುವ ಮೈದುನ

ನಮ್ಮ ಮೈದುನನ ತಲೆ ನೆಟ್ಟಗಿದೆ ಎಂದು ಯಾರಾದರೂ ಹೇಳಿದರೆ, ಅವರು ಮೊದಲು ತಮ್ಮ ತಲೆಯನ್ನು ಡಾಕ್ಟರಿಗೆ ತೋರಿಸಿಕೊಳ್ಳಬೇಕು! ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಾನೆ. ರಜೆ ಸಿಕ್ಕರೆ ಊರೂರು ತಿರುಗಿ ಕನ್ಯೆ ನೋಡುತ್ತಾನೆ. ಮಗನಿಗಲ್ಲ, ಆನರ್ಸಿಗೆ!

ಆನರ್ಸ್ ಎಂದರೆ ಮೂರು ವರ್ಷದ ಡಿಗ್ರಿಯ ಮೇಲೆ ಇನ್ನೊಂದು ವರ್ಷದ ಆಳದ ಓದು. ಅಲ್ಲಿ ಅದನ್ನು ಹಟ ಹಿಡಿದು ಶುರು ಮಾಡಿಸಿದವನೇ ಇವನು. ಬೆಂಚು ಬಂದವು, ಪುಸ್ತಕ ಬಂದವು, ಹುಡುಗಿಯರೇ ಬರಲಿಲ್ಲ. ಡಿಗ್ರಿ ಮುಗಿಯುವಷ್ಟರಲ್ಲಿ ಅವರ ಮನೆಗೆ ವರ ಬಂದಿರುತ್ತಿದ್ದ.

"ವರಾ ಬರೂಕಿಂತ ಮೊದಲ ನಾನ ಹೋಗ್ತೀನ್ರಿ ವೈನಿ," ಎಂದು ರುಮಾಲು ಸುತ್ತಿ, ತೆಂಗಿನಕಾಯಿ, ಹೂವು ಹಿಡಿದು ಹೊರಟೇಬಿಟ್ಟ!

ಯರಗುಪ್ಪಿಯ ಒಂದು ಮನೆಯಲ್ಲಿ ಜಮಖಾನೆ ಹಾಸಿ, ಉಪ್ಪಿಟ್ಟು ಕೊಟ್ಟು, ಹುಡುಗಿಗೆ ರೇಷ್ಮೆ ಸೀರೆ ಉಡಿಸಿ ಕೂರಿಸಿದರಂತೆ. ಅವಳಪ್ಪ ಕೇಳಿದ, "ವರಾ ಎಲ್ಲಿ ಅದಾನ್ರಿ?"

"ವರಾ ಇಲ್ರಿ, ವಿಶ್ವವಿದ್ಯಾಲಯ ಐತ್ರಿ!"

"ಮೊದಲ ಹೇಳಬಾರದೇನ್ರಿ? ಉಪ್ಪಿಟ್ಟಿಗೆ ಗೋಡಂಬಿ ಹಾಕ್ಸಿದ್ನಲ್ರಿ!"

ಬೈದರೇನಾಯಿತು? ಆ ಹುಡುಗಿ ಈಗ ಇವನ ಕ್ಲಾಸಿನ ಮುಂದಿನ ಬೆಂಚಿನಲ್ಲಿದ್ದಾಳೆ.

ಈ ಸಲ ಮೊರಬದ ನಮ್ಮ ಮನೆಗೇ ಬಂದ! ಮೊಮ್ಮಗಳಿಗೆ ಆನರ್ಸ್ ಓದುವ ಆಸೆ, ಅವಳಪ್ಪನಾದ ನನ್ನ ಮಗನಿಗೆ ಮದುವೆಯ ಅವಸರ. ಮರುದಿನ ನಿಜವಾದ ವರನ ಕಡೆಯವರು ಬರುವವರಿದ್ದರು.

"ಕಾಕಾ, ಸುಮ್ನ ಚಹಾ ಕುಡದು ಹೋಗ್ರಿ," ಎಂದ ಮಗ.

ಕೇಳಿಸಿಕೊಂಡರೆ ತಾನೆ? ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದ, "ನಿನಗ ಇನ್ನೂ ಏನೇನ್ ಗೊತ್ತಿಲ್ಲ, ಹೇಳವಾ?"

"ಗೊತ್ತಿಲ್ಲದ್ದು ಭಾಳ ಐತ್ರಿ ಅಜ್ಜಾ."

"ಹುಡುಗಿ ಪಸಂದ ಐತಿ!" ಎಂದು ಚಪ್ಪಾಳೆ ತಟ್ಟಿದ.

ಮಗ ಬೇಡವೆನ್ನಲು ಬಾಯಿ ತೆರೆದ. ನಾನು ಸಕ್ಕರೆ ಡಬ್ಬಿ ತಂದು ಆ ಬಾಯಿಗೇ ಒಂದು ಹಿಡಿ ಹಾಕಿದೆ. ನಮ್ಮಲ್ಲಿ ಕನ್ಯೆ ನೋಡಿದ ಮೇಲೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು, ಮುರಿಯುವಂತಿಲ್ಲ.

"ಯವ್ವಾ, ನಾಳೆ ಬರೋರಿಗೆ ಏನ್ ಹೇಳ್ಲಿಬೇ?"

"ಕನ್ಯಾ ಕೊಟ್ಟಾಗೇತಿ ಅಂತ ಹೇಳು!"

ಹಿಂದೆ ಈ ಮನೆಯವರು ನನ್ನನ್ನು ನೋಡಲು ಬಂದ ದಿನ ಹಿರಿಯರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ್ದರು. "ಓದಾಕ ಬರ್ತೈತೇನ್ರಿ ನಿಮಗ?" ಎಂದವನು ಚಡ್ಡಿ ಹಾಕಿಕೊಂಡು ಕುಳಿತಿದ್ದ ಈ ಮೈದುನನೊಬ್ಬನೇ. ಎಲ್ಲರೂ ನಕ್ಕರು, ನಾನು ತಲೆ ತಗ್ಗಿಸಿದೆ. ಮದುವೆಯಾಗಿ ಬಂದ ಮೇಲೆ ಒಲೆಯ ಮುಂದೆ ಕುಳಿತು ತನ್ನ ಪಾಟಿಯ ಮೇಲೆ ನನಗೆ ಅಕ್ಷರ ತಿದ್ದಿಸಿದವನೂ ಇವನೇ.

ಅವತ್ತು ಕೇಳಿದ್ದಕ್ಕೆ ಇವತ್ತು ಬರೆದೇ ಹೇಳುತ್ತಿದ್ದೇನೆ: ಬರ್ತೈತೋ ತಮ್ಮಾ.