ಸಿಟ್ಟಿನ ಕೈಯ ರೊಟ್ಟಿ

ನಾಕು ಮನಿಯವರು ಒಂದೇ ಅಂಗಳದಾಗ ಇದ್ದ ಮ್ಯಾಲ ನಗಿ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ತಾನೇ ಹೊಸ್ತಿಲಕ್ಕ ಬಂದು ಕುಂದರತದ. ರಂಗಂಪೇಟಿಯ ನಮ್ಮ ವಾಡೆಯ ಕತಿನೂ ಹಂಗೇ. ಕಾಲುವಿ ನೀರು ಬಂತು, ಹೊಲ ಹೋಗಿ ಗದ್ದಿ ಆದ್ವು. ಹೆಣ್ಣುಮಕ್ಕಳೆಲ್ಲ ಭತ್ತದ ನಾಟಿಗೆ ಹೊಂಟ್ರ ಮನಿಗೊಂದು ಒಲಿ ಹಚ್ಚೋರು ಯಾರು? ನಾಕೂ ಮನಿಗೆ ಒಂದೇ ಒಲಿ ಮಾಡಿದ್ವಿ. ಒಲಿ ಒಂದಾತು, ಗುಣ ಒಂದಾಗಲಿಲ್ಲ.

ಇಲ್ಲ ಅನ್ನದ ಮಾಸ್ತರ

ಮೂಲಿಮನಿ ಮಾಸ್ತರ್ರಿಗೆ ‘ಇಲ್ಲ’ ಅನ್ನಾಕ ಬರತಿದ್ದಿಲ್ಲ. ಸಾಲಿಗೆ ಹೋಗೋ ಅವಸರಕ್ಕ ಮೊದಲ ಉಣ್ಣೋರು ಅವರೇ.

“ಸಾರಿಗೆ ಉಪ್ಪು ಕಮ್ಮಿ ಆಗ್ಯಾದೇನ್ರಿ?” ಅಂದೆ.

“ಹೌದ್ರಿ ಅಕ್ಕಾರ.”

ಉಪ್ಪು ಹಾಕಿ ಹೋದೆ. ಎದುರುಮನಿ ಅಂಗಡಿಯಾಕಿ ಬಂದು ಅದನ್ನೇ ಕೇಳಿದಳು, ಹಾಕಿದಳು. ಮಾಸ್ತರ್ರ ಹೆಂಡತಿನೂ ಕೇಳಿದಳು, ಹಾಕಿದಳು. ಕಡೀಕ ಎಲ್ಲಾರೂ ಬಾಯಿಗಿಟ್ಟು, “ಮಾಸ್ತರ, ಸಾರು ಉಪ್ಪಾಗ್ಯಾದಲ್ರಿ!” ಅಂದ್ವಿ.

“ಹೌದ್ರಿ!” ಅಂದ್ರು, ಭಾಳ ಖುಷಿಲೆ.

ಅನುಮಾನದಾಕಿ

ಅಂಗಡಿಯಾಕಿಗೆ ನಮ್ಮ ಮ್ಯಾಲ ನಂಬಿಗಿ ಇಲ್ಲ. ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾಹಿಂಡಿ ಡಬ್ಬಿ ದಿನಾ ಬ್ಯಾರೆ ಕಡಿ ಬಚ್ಚಿಡತಿದ್ದಳು. ಒಂದಿನ ತನಗೇ ಸಿಗಲಿಲ್ಲ. “ಎಲ್ಲಿಟ್ಟೆನೋ ಏನೋ” ಅಂತ ಗೊಣಗಾಕತ್ತಿದ್ದಳು. ಇಡೀ ಅಂಗಳ ಒಮ್ಮೆಗೇ ಹೇಳಿತು: “ಜೋಳದ ಗುಮ್ಮಿ ಹಿಂದ!”

ಸಿಟ್ಟಿನಾಕಿ

ರೊಟ್ಟಿ ಬಡಿಯಾಕಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಸಿಟ್ಟು ಬಂದಾಗ ಆಕಿ ಬಡಿದ ರೊಟ್ಟಿ ಹಾಳಿಯಂಗ ತೆಳ್ಳಗ, ಸಮಾಧಾನದಾಗ ಬಡಿದದ್ದು ಕಂಬಳಿಯಂಗ ದಪ್ಪ. ಅದಕ್ಕ ನಾಟಿಗೆ ಹೋಗೂ ಮುಂದ ಆಕೀನ ಕೆಣಕಿ ಹೋಗೋದು ನಮ್ಮ ಪದ್ಧತಿ. “ನಿನ್ನ ತವರು ಕೆಂಭಾವ್ಯಾಗ ರೊಟ್ಟಿ ಬಡಿಯಾಕ ಬರಂಗಿಲ್ಲಂತ?” ಅಂದ್ರ ಸಾಕು.

ಒಂದಿನ ಆಕಿಗೆ ಗೊತ್ತಾತು. “ನನ್ನ ಸಿಟ್ಟಿನ ಮ್ಯಾಲ ಹೊಟ್ಟಿ ತುಂಬಸ್ಕೊಂತೀರೇನು?” ಅಂದವಳೇ ತನ್ನ ಕೋಣ್ಯಾಗ ಬ್ಯಾರೆ ಒಲಿ ಹೂಡಿದಳು. ನಾಟಿ ಅರ್ಧ ಉಳಿದಿತ್ತು. ಆಕಿ ಇಲ್ದ ರೊಟ್ಟಿ ಇಲ್ಲ, ರೊಟ್ಟಿ ಇಲ್ದ ಗದ್ದಿ ಇಲ್ಲ. ಮುಂದ ಹೆಂಗ ಅಂತ ಕುಂತಾಗ ಮೈದುನ ಬಂದ, ಕೈಯಾಗ ದಪ್ಪನ್ನ ರೊಟ್ಟಿ.

“ವೈನಿ, ಆಕಿ ಭಾಳ ಸಮಾಧಾನದಾಗ ಇದ್ದಾಳ. ನನ್ನ ಹಲ್ಲು ಉಳಿಸ್ರಿ, ಯಾರರ ಬಂದು ಬೈದು ಹೋಗ್ರಿ!”

“ನೀನೇ ಬೈಯಪ್ಪ.”

“ನಾ ಬೈದ್ರ ಇದೂ ಸಿಗಂಗಿಲ್ಲ.”

ಮಾಸ್ತರ್ರನ್ನ ಎಳಕೊಂಡು ಆಕಿ ಬಾಗಲದಾಗ ನಿಂತೆ. ಗಟ್ಟಿಯಾಗಿ ಕೇಳಿದೆ, “ಮಾಸ್ತರ, ನಮ್ಮಾಕಿ ರೊಟ್ಟಿ ದಪ್ಪ ಆಗ್ಯಾವಂತಲ್ಲ, ಖರೇ ಏನ್ರಿ?”

“ಹೌದ್ರಿ.”

“ದಪ್ಪ? ನನ್ನ ರೊಟ್ಟಿ?” ಹಿಟ್ಟಿನ ಕೈಲೇ ಹೊರಗ ಬಂದಳು, ನೆಟ್ಟಗ ನಾಕೂ ಮನಿ ಒಲಿ ಮುಂದ ಕುಂತಳು, ಅಂಗಳ ನಡುಗೂ ಹಂಗ ಬಡಿಯಾಕ ಹತ್ತಿದಳು. ನಾವು ಸೆರಗು ಬಾಯಿಗೆ ತುರುಕಿಕೊಂಡು ನಾಟಿಗೆ ಹೊಂಟ್ವಿ.

ಬಾಗಲದಾಗ ಮೈದುನ ಮೆಲ್ಲಕ ಕೇಳಿದ, “ಮಾಸ್ತರ, ನಾಳಿಗೂ ಇದನ್ನೇ ಅಂತೀರೇನ್ರಿ?”

“ಹೌದ್ರಿ!”